ಮಾರಿಯೋ ಲೆಮ್ಯೂ: ಕ್ಯಾನ್ಸರ್‌ಗೂ ಜಗ್ಗದ, ಸಂಬಳದ ಬಾಕಿಗೆ ತಂಡವನ್ನೇ ಕೈಗೆತ್ತಿಕೊಂಡ ಐಸ್ ಹಾಕಿ ದಿಗ್ಗಜ

ಮಾರಿಯೋ ಲೆಮ್ಯೂ ಕೆನಡಾದ ಮಾಜಿ ವೃತ್ತಿಪರ ಐಸ್ ಹಾಕಿ ಆಟಗಾರ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ 1984ರಿಂದ 2006ರ ನಡುವೆ ಅವರು ಆಡಿದ್ದು ಒಂದೇ ಒಂದು ತಂಡಕ್ಕೆ: ಪಿಟ್ಸ್‌ಬರ್ಗ್ ಪೆಂಗ್ವಿನ್ಸ್. ನಾಯಕನಾಗಿ ಎರಡು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದರು. ಅದೇ ತಂಡದ ಮಾಲೀಕನಾಗಿ ಮತ್ತೆ ಮೂರು ಬಾರಿ ಅದೇ ಕಪ್ ಗೆದ್ದರು. ಆಟಗಾರನಾಗಿಯೂ ಮಾಲೀಕನಾಗಿಯೂ ಸ್ಟ್ಯಾನ್ಲಿ ಕಪ್ ಗೆದ್ದ ಏಕೈಕ ವ್ಯಕ್ತಿ ಅವರು.

ಐಸ್ ಹಾಕಿಯ ಸಾರ್ವಕಾಲಿಕ ಶ್ರೇಷ್ಠ ಯಾರು ಎಂಬ ಚರ್ಚೆ ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರು ವೇಯ್ನ್ ಗ್ರೆಟ್ಸ್ಕಿ. ಅದರ ಬೆನ್ನಿಗೇ ಬರುವ ಹೆಸರುಗಳಲ್ಲಿ ಲೆಮ್ಯೂ ಒಬ್ಬರು. ಗ್ರೆಟ್ಸ್ಕಿಯ ಒಟ್ಟು ದಾಖಲೆಗಳ ಹತ್ತಿರಕ್ಕೂ ಲೆಮ್ಯೂ ಬರಲಿಲ್ಲ. ಆದರೆ ಪ್ರತಿ ಪಂದ್ಯದ ಸರಾಸರಿ ನೋಡಿದರೆ ಇಬ್ಬರ ನಡುವೆ ಇರುವುದು ಕೂದಲೆಳೆಯ ಅಂತರ. ಹಾಗಾದರೆ ಒಟ್ಟು ಲೆಕ್ಕದಲ್ಲಿ ಅಷ್ಟೊಂದು ವ್ಯತ್ಯಾಸ ಏಕೆ? ಉತ್ತರ ಇರುವುದು ಆಸ್ಪತ್ರೆಗಳಲ್ಲಿ. ಬೆನ್ನುನೋವು, ಎಲುಬಿನ ಸೋಂಕು, ಕ್ಯಾನ್ಸರ್, ಸೊಂಟದ ಗಾಯ, ಕೊನೆಗೆ ಹೃದಯ ಬಡಿತದ ತೊಂದರೆ. ಲೆಮ್ಯೂ ಅವರ ವೃತ್ತಿಜೀವನವೆಂದರೆ ಪ್ರತಿಭೆಗೂ ದೇಹಕ್ಕೂ ನಡೆದ ಎರಡು ದಶಕಗಳ ಹಗ್ಗಜಗ್ಗಾಟ.

ಒಂದು ನೋಟದಲ್ಲಿ

ಹೆಸರು: ಮಾರಿಯೋ ಲೆಮ್ಯೂ
ಜನನ: 5 ಅಕ್ಟೋಬರ್ 1965, ಮಾಂಟ್ರಿಯಲ್, ಕ್ವಿಬೆಕ್ ಪ್ರಾಂತ್ಯ, ಕೆನಡಾ
ಎತ್ತರ: 6 ಅಡಿ 4 ಅಂಗುಲ
ಸ್ಥಾನ: ಸೆಂಟರ್
ಜೆರ್ಸಿ ಸಂಖ್ಯೆ: 66
ತಂಡ: ಪಿಟ್ಸ್‌ಬರ್ಗ್ ಪೆಂಗ್ವಿನ್ಸ್
ಲೀಗ್ ಪಂದ್ಯಗಳು: 915
ಗೋಲ್: 690
ಅಸಿಸ್ಟ್: 1,033
ಒಟ್ಟು ಪಾಯಿಂಟ್: 1,723
ಸ್ಟ್ಯಾನ್ಲಿ ಕಪ್: ಆಟಗಾರನಾಗಿ 1991, 1992, ಮಾಲೀಕನಾಗಿ 2009, 2016, 2017
ಒಲಿಂಪಿಕ್ಸ್: 2002ರಲ್ಲಿ ಚಿನ್ನ, ಕೆನಡಾ ತಂಡದ ನಾಯಕ

ಆಟದ ಬಗ್ಗೆ ನಾಲ್ಕು ಮಾತು

ಧ್ಯಾನ್‌ಚಂದ್ ಆಡಿದ ಹಾಕಿಯನ್ನೇ ಹಾಕಿ ಎಂದು ಕರೆಯುವವರು ನಾವು. ಕೆನಡಾದಲ್ಲಿ ಹಾಗಲ್ಲ, ಅಲ್ಲಿ ಬರೀ ಹಾಕಿ ಎಂದರೆ ಐಸ್ ಹಾಕಿ. ನಮ್ಮಲ್ಲೂ ಲಡಾಖ್‌ನಲ್ಲಿ ಚಳಿಗಾಲ ಬಂತೆಂದರೆ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಈ ಆಟ ಶುರುವಾಗುತ್ತದೆ. ಚೆಂಡಿನ ಬದಲು ಇಲ್ಲಿ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಅದಕ್ಕೆ ಪಕ್ ಎನ್ನುತ್ತಾರೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ.

ಗೋಲ್‌ಕೀಪರ್ ಸೇರಿ ಒಂದು ತಂಡದ ಆರು ಮಂದಿ ಒಮ್ಮೆಗೆ ಮಂಜುಗಡ್ಡೆಯ ಮೇಲಿರುತ್ತಾರೆ. 20 ನಿಮಿಷಗಳ ಮೂರು ಅವಧಿ. ಓಟದ ವೇಗ ಎಷ್ಟಿರುತ್ತದೆಂದರೆ ಒಂದು ನಿಮಿಷದೊಳಗೆ ಆಟಗಾರರು ಸುಸ್ತಾಗಿ ಬೆಂಚಿಗೆ ಮರಳುತ್ತಾರೆ, ಬೇರೆಯವರು ಇಳಿಯುತ್ತಾರೆ. ತಪ್ಪು ಮಾಡಿದವನು ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಕೂರಬೇಕು. ಆ ಹೊತ್ತಿನಲ್ಲಿ ಎದುರಾಳಿಗೆ ಒಬ್ಬ ಆಟಗಾರ ಹೆಚ್ಚು ಸಿಕ್ಕಂತೆ. ಇದಕ್ಕೆ ಪವರ್ ಪ್ಲೇ ಎಂದು ಹೆಸರು.

ಲೆಕ್ಕ ಸರಳ. ಗೋಲ್ ಹೊಡೆದರೆ ಒಂದು ಪಾಯಿಂಟ್. ಗೋಲ್‌ಗೆ ಪಾಸ್ ಕೊಟ್ಟರೆ ಅದು ಅಸಿಸ್ಟ್, ಅದಕ್ಕೂ ಒಂದು ಪಾಯಿಂಟ್. ಋತುವಿನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಆರ್ಟ್ ರಾಸ್ ಟ್ರೋಫಿ, ಅತ್ಯಂತ ಮೌಲ್ಯಯುತ ಆಟಗಾರನಿಗೆ ಹಾರ್ಟ್ ಟ್ರೋಫಿ. ಲೀಗ್ ಹಂತ ಮುಗಿದ ಬಳಿಕ ಪ್ಲೇಆಫ್ ನಡೆಯುತ್ತದೆ, ಅದನ್ನು ಗೆದ್ದ ತಂಡಕ್ಕೆ ಸ್ಟ್ಯಾನ್ಲಿ ಕಪ್. ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕಾನ್ ಸ್ಮೈತ್ ಟ್ರೋಫಿ. ಇಷ್ಟು ಗೊತ್ತಿದ್ದರೆ ಲೆಮ್ಯೂ ಸಾಧನೆ ಅರ್ಥವಾಗಲು ಸಾಕು.

ಮನೆಯೊಳಗೇ ಹಿಮ ಹಾಸಿದ ತಾಯಿ

ಮಾಂಟ್ರಿಯಲ್‌ನ ವಿಲ್ ಎಮಾರ್ ಎಂಬ ದುಡಿಯುವ ವರ್ಗದ ಬಡಾವಣೆಯಲ್ಲಿ ಲೆಮ್ಯೂ ಬೆಳೆದರು. ತಂದೆ ಕಟ್ಟಡ ಕಾರ್ಮಿಕ. ಮೂವರು ಗಂಡು ಮಕ್ಕಳಲ್ಲಿ ಮಾರಿಯೋ ಕಿರಿಯವ. ಮಕ್ಕಳು ಕತ್ತಲಾದ ಮೇಲೂ ಸ್ಕೇಟಿಂಗ್ ಅಭ್ಯಾಸ ಮಾಡಲೆಂದು ತಾಯಿ ಹೊರಗಿನ ಹಿಮವನ್ನು ತಂದು ಮನೆಯೊಳಗೆ ನೆಲಕ್ಕೆ ತಟ್ಟಿ ಹಾಸುತ್ತಿದ್ದರು ಎಂಬ ಕಥೆ ಆ ಕುಟುಂಬದ ಜೊತೆಗೇ ಪ್ರಸಿದ್ಧವಾಗಿದೆ. ಲೆಮ್ಯೂ ಎಂಬ ಮನೆತನದ ಹೆಸರನ್ನು ಫ್ರೆಂಚ್‌ನಲ್ಲಿ ಬಿಡಿಸಿ ಓದಿದರೆ 'ಅತ್ಯುತ್ತಮ' ಎಂಬ ಅರ್ಥವೂ ಬರುತ್ತದೆ. ಪತ್ರಿಕೆಗಳ ಶೀರ್ಷಿಕೆಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ?

ಹದಿಹರೆಯದಲ್ಲಿ ಕ್ವಿಬೆಕ್ ಜೂನಿಯರ್ ಲೀಗ್‌ನ ಲಾವಾಲ್ ತಂಡಕ್ಕೆ ಆಡಿದರು. 1983-84ರ ಋತುವಿನಲ್ಲಿ 70 ಪಂದ್ಯಗಳಿಂದ 133 ಗೋಲ್, 149 ಅಸಿಸ್ಟ್, ಒಟ್ಟು 282 ಪಾಯಿಂಟ್ ಗಳಿಸಿದರು. ಒಂದು ಪಂದ್ಯಕ್ಕೆ ನಾಲ್ಕು ಪಾಯಿಂಟ್‌ಗಿಂತ ಹೆಚ್ಚು. ಅಲ್ಲಿಗೆ ಎನ್‌ಎಚ್‌ಎಲ್ ತಂಡಗಳೆಲ್ಲ ಈ ಹುಡುಗನ ಮೇಲೆ ಕಣ್ಣಿಟ್ಟವು.

ಜೆರ್ಸಿ ಸಂಖ್ಯೆ 66ರ ಹಿಂದೆಯೂ ಕಥೆಯಿದೆ. ಆಗ ಲೀಗ್ ಆಳುತ್ತಿದ್ದ ಗ್ರೆಟ್ಸ್ಕಿಯ ಸಂಖ್ಯೆ 99. ಅದನ್ನು ತಲೆಕೆಳಗು ಮಾಡಿದರೆ 66. ಹುಡುಗನ ಏಜೆಂಟ್ ಕೊಟ್ಟ ಸಲಹೆ ಇದು. ಹೋಲಿಕೆಯಿಂದ ತಪ್ಪಿಸಿಕೊಳ್ಳುವ ಬದಲು ಅದನ್ನು ಬೆನ್ನ ಮೇಲೇ ಹೊತ್ತುಕೊಂಡು ಓಡಾಡಿದಂತಾಯಿತು.

ತಳದಲ್ಲಿದ್ದ ತಂಡ, ಮುನಿಸಿನ ಡ್ರಾಫ್ಟ್

ಎನ್‌ಎಚ್‌ಎಲ್‌ನಲ್ಲಿ ಹೊಸ ಆಟಗಾರರನ್ನು ಐಪಿಎಲ್‌ನಂತೆ ಹರಾಜು ಕೂಗುವುದಿಲ್ಲ. ಡ್ರಾಫ್ಟ್ ಎಂಬ ಪದ್ಧತಿಯಲ್ಲಿ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. 1984ರಲ್ಲಿ ಪಟ್ಟಿಯ ಕೊನೆಯಲ್ಲಿದ್ದ ತಂಡಕ್ಕೇ ಮೊದಲ ಆಯ್ಕೆಯ ಅವಕಾಶವಿತ್ತು. ಆ ತಂಡ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್.

1967ರಲ್ಲಿ ಹುಟ್ಟಿದ ಈ ತಂಡ 1975ರಲ್ಲೇ ಒಮ್ಮೆ ದಿವಾಳಿಯಾಗಿತ್ತು. 1983-84ರಲ್ಲಿ ಪಂದ್ಯಕ್ಕೆ ಬರುತ್ತಿದ್ದ ಪ್ರೇಕ್ಷಕರ ಸರಾಸರಿ ಸಂಖ್ಯೆ 7 ಸಾವಿರಕ್ಕಿಂತ ಕಡಿಮೆ. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಊರು ಅದು. ಲೆಮ್ಯೂ ಸಿಗಲೆಂದೇ ತಂಡ ಬೇಕೆಂದು ಸೋತು ತಳಕ್ಕಿಳಿಯಿತು ಎಂಬ ಆರೋಪವೂ ಕೇಳಿಬಂದಿತ್ತು. ಲೆಮ್ಯೂ ಆಯ್ಕೆಯ ಹಕ್ಕು ಬಿಟ್ಟುಕೊಟ್ಟರೆ ಬದಲಿಗೆ ಹಲವು ಆಟಗಾರರನ್ನು ಕೊಡುತ್ತೇವೆ ಎಂದು ಬೇರೆ ತಂಡಗಳು ಬಂದರೂ ಪೆಂಗ್ವಿನ್ಸ್ ಒಪ್ಪಲಿಲ್ಲ.

ಡ್ರಾಫ್ಟ್ ನಡೆದದ್ದು ಲೆಮ್ಯೂ ಅವರ ಸ್ವಂತ ಊರು ಮಾಂಟ್ರಿಯಲ್‌ನಲ್ಲಿ. ಒಪ್ಪಂದದ ಮಾತುಕತೆ ಸರಿಹೋಗದ ಸಿಟ್ಟಿಗೆ, ಹೆಸರು ಕರೆದರೂ ಅವರು ವೇದಿಕೆಯತ್ತ ಹೋಗಲಿಲ್ಲ, ಪೆಂಗ್ವಿನ್ಸ್ ಜೆರ್ಸಿ ತೊಡಲಿಲ್ಲ. ಸಾಕಷ್ಟು ಟೀಕೆ ಬಂತು. ಕೆಲವೇ ದಿನಗಳಲ್ಲಿ ಒಪ್ಪಂದವಾಯಿತು.

ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ 11 ಅಕ್ಟೋಬರ್ 1984, ಬಾಸ್ಟನ್ ವಿರುದ್ಧ. ಮಂಜುಗಡ್ಡೆಗೆ ಇಳಿದ ಮೊದಲ ಸರದಿಯಲ್ಲೇ, ಆ ಕಾಲದ ಶ್ರೇಷ್ಠ ರಕ್ಷಣಾ ಆಟಗಾರ ರೇ ಬೋರ್ಕ್ ಅವರಿಂದ ಪಕ್ ಕಸಿದು, ಒಂಟಿಯಾಗಿ ಸಾಗಿ ಗೋಲ್ ಹೊಡೆದರು. ಅದು ಲೀಗ್‌ನಲ್ಲಿ ಅವರ ಮೊದಲ ಹೊಡೆತ. ಆ ಋತುವಿನಲ್ಲಿ 43 ಗೋಲ್, 57 ಅಸಿಸ್ಟ್, ಸರಿಯಾಗಿ 100 ಪಾಯಿಂಟ್. ವರ್ಷದ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಅವರ ಪಾಲಾಯಿತು.

ಆಗ ಅವರಿಗೆ 19 ವರ್ಷ. ಮಾತೃಭಾಷೆ ಫ್ರೆಂಚ್, ಇಂಗ್ಲಿಷ್ ಅಷ್ಟಕ್ಕಷ್ಟೆ. ಪಿಟ್ಸ್‌ಬರ್ಗ್‌ನಲ್ಲಿ ಸ್ಥಳೀಯ ಕುಟುಂಬವೊಂದರ ಮನೆಯಲ್ಲಿ ಉಳಿದುಕೊಂಡು, ಟಿವಿ ಧಾರಾವಾಹಿ ನೋಡುತ್ತಾ ಇಂಗ್ಲಿಷ್ ಕಲಿತರು. ಊರು ಬಿಟ್ಟು ಭಾಷೆ ಬಾರದ ನಗರದಲ್ಲಿ ಕೆಲಸ ಹಿಡಿದ ಯಾರಿಗೂ ಈ ಪಾಡು ಹೊಸತಲ್ಲ. ಮುಂದೆ ಆ ಊರೇ ಅವರ ಊರಾಯಿತು.

ಗ್ರೆಟ್ಸ್ಕಿ ಪಾಸ್, ಲೆಮ್ಯೂ ಗೋಲ್

ಮೊದಲ ವರ್ಷಗಳಲ್ಲಿ ಲೆಮ್ಯೂ ಮೇಲೆ ಒಂದು ದೂರಿತ್ತು: ಪ್ರತಿಭೆಯಿದೆ, ಶ್ರಮವಿಲ್ಲ. ತಂಡವೂ ಪ್ಲೇಆಫ್ ತಲುಪುತ್ತಿರಲಿಲ್ಲ. ಈ ಮಾತು ನಿಂತಿದ್ದು 1987ರ ಕೆನಡಾ ಕಪ್ ನಂತರ.

ಫೈನಲ್‌ನಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟ ಮುಖಾಮುಖಿ. ಮೂರು ಪಂದ್ಯ, ಮೂರರ ಫಲಿತಾಂಶವೂ 6-5. ಮೊದಲನೆಯದನ್ನು ಸೋವಿಯತ್ ಗೆದ್ದರೆ ಎರಡನೆಯದನ್ನು ಕೆನಡಾ ಗೆದ್ದಿತು. ನಿರ್ಣಾಯಕ ಮೂರನೇ ಪಂದ್ಯ 5-5 ಆಗಿ, ಎರಡು ನಿಮಿಷವೂ ಉಳಿದಿರಲಿಲ್ಲ. ಗ್ರೆಟ್ಸ್ಕಿ ಪಕ್ ಒಯ್ದು ಹಿಂದಿನಿಂದ ಬರುತ್ತಿದ್ದ ಲೆಮ್ಯೂಗೆ ಕೊಟ್ಟರು. ಲೆಮ್ಯೂ ಹೊಡೆತ ಬಲೆಯ ಮೇಲಿನ ಮೂಲೆಗೆ ಹೋಯಿತು. 99 ಮತ್ತು 66 ಅಪ್ಪಿಕೊಂಡ ಆ ಕ್ಷಣ ಕೆನಡಾದ ಕ್ರೀಡಾ ಇತಿಹಾಸದಲ್ಲಿ ಉಳಿದುಬಿಟ್ಟಿದೆ. 9 ಪಂದ್ಯಗಳಲ್ಲಿ ಲೆಮ್ಯೂ 11 ಗೋಲ್ ಹೊಡೆದಿದ್ದರು.

ಶ್ರೇಷ್ಠ ಆಟಗಾರ ಹೇಗೆ ಅಭ್ಯಾಸ ಮಾಡುತ್ತಾನೆ ಎಂಬುದನ್ನು ಗ್ರೆಟ್ಸ್ಕಿಯನ್ನು ಹತ್ತಿರದಿಂದ ನೋಡಿ ಕಲಿತೆ ಎಂದು ಲೆಮ್ಯೂ ನಂತರ ಹೇಳಿಕೊಂಡಿದ್ದಾರೆ. ಮುಂದಿನ ಋತುವಿನಲ್ಲೇ ಗುರುವಿನ ಕಿರೀಟ ಕಸಿದರು. 1987-88ರಲ್ಲಿ 168 ಪಾಯಿಂಟ್ ಗಳಿಸಿ, ಸತತ ಏಳು ವರ್ಷ ಗ್ರೆಟ್ಸ್ಕಿ ಕೈಯಲ್ಲಿದ್ದ ಆರ್ಟ್ ರಾಸ್ ಟ್ರೋಫಿಯನ್ನೂ, ಸತತ ಎಂಟು ವರ್ಷ ಅವರದ್ದೇ ಆಗಿದ್ದ ಹಾರ್ಟ್ ಟ್ರೋಫಿಯನ್ನೂ ತಮ್ಮದಾಗಿಸಿಕೊಂಡರು.

ಐದು ಬಗೆಯ ಐದು ಗೋಲ್

31 ಡಿಸೆಂಬರ್ 1988. ನ್ಯೂಜೆರ್ಸಿ ಡೆವಿಲ್ಸ್ ವಿರುದ್ಧದ ಪಂದ್ಯ. ಐಸ್ ಹಾಕಿಯಲ್ಲಿ ಗೋಲ್ ಹೊಡೆಯಲು ಐದು ಸಂದರ್ಭಗಳಿವೆ. ಎರಡೂ ಕಡೆ ಸಮಬಲ ಇದ್ದಾಗ. ಪವರ್ ಪ್ಲೇಯಲ್ಲಿ ತಮ್ಮ ಕಡೆ ಒಬ್ಬರು ಹೆಚ್ಚಿದ್ದಾಗ. ತಮ್ಮ ಕಡೆಯೇ ಒಬ್ಬರು ಕಡಿಮೆ ಇದ್ದಾಗ. ಪೆನಾಲ್ಟಿ ಹೊಡೆತದಲ್ಲಿ. ಮತ್ತು ಎದುರಾಳಿ ಕೊನೆಯ ಪ್ರಯತ್ನವಾಗಿ ಗೋಲ್‌ಕೀಪರ್‌ನನ್ನು ಹೊರಗೆಳೆದು ಬಲೆ ಖಾಲಿ ಬಿಟ್ಟಾಗ. ಲೆಮ್ಯೂ ಆ ಒಂದೇ ಪಂದ್ಯದಲ್ಲಿ ಐದೂ ಬಗೆಯ ಗೋಲ್ ಒಂದೊಂದು ಹೊಡೆದರು. ಪೆಂಗ್ವಿನ್ಸ್ 8-6ರಿಂದ ಗೆದ್ದಿತು. ಎನ್‌ಎಚ್‌ಎಲ್‌ನಲ್ಲಿ ಬೇರೆ ಯಾರಿಂದಲೂ ಆಗದ ಸಾಧನೆ ಇದು.

ಆ ಋತುವಿನಲ್ಲಿ 85 ಗೋಲ್, 114 ಅಸಿಸ್ಟ್, ಒಟ್ಟು 199 ಪಾಯಿಂಟ್. ಇನ್ನೊಂದು ಸಿಕ್ಕಿದ್ದರೆ 200 ಆಗುತ್ತಿತ್ತು. ಒಂದು ಋತುವಿನಲ್ಲಿ 200 ದಾಟಿದವರು ಗ್ರೆಟ್ಸ್ಕಿ ಮಾತ್ರ.

ಲೆಮ್ಯೂ ಆರ್ಟ್ ರಾಸ್ ಟ್ರೋಫಿ ಗೆದ್ದ ಆರು ಋತುಗಳು:

1987-88: 77 ಪಂದ್ಯ, 70 ಗೋಲ್, 98 ಅಸಿಸ್ಟ್, 168 ಪಾಯಿಂಟ್
1988-89: 76 ಪಂದ್ಯ, 85 ಗೋಲ್, 114 ಅಸಿಸ್ಟ್, 199 ಪಾಯಿಂಟ್
1991-92: 64 ಪಂದ್ಯ, 44 ಗೋಲ್, 87 ಅಸಿಸ್ಟ್, 131 ಪಾಯಿಂಟ್
1992-93: 60 ಪಂದ್ಯ, 69 ಗೋಲ್, 91 ಅಸಿಸ್ಟ್, 160 ಪಾಯಿಂಟ್
1995-96: 70 ಪಂದ್ಯ, 69 ಗೋಲ್, 92 ಅಸಿಸ್ಟ್, 161 ಪಾಯಿಂಟ್
1996-97: 76 ಪಂದ್ಯ, 50 ಗೋಲ್, 72 ಅಸಿಸ್ಟ್, 122 ಪಾಯಿಂಟ್

ಇದರಲ್ಲಿ ಪಂದ್ಯಗಳ ಸಂಖ್ಯೆಯನ್ನು ಗಮನಿಸಿ. 1991-92ರಲ್ಲಿ ತಂಡ ಆಡಿದ್ದು 80 ಪಂದ್ಯ, 1992-93ರಲ್ಲಿ 84. ಕಾಲು ಭಾಗದಷ್ಟು ಪಂದ್ಯಗಳನ್ನು ಬಿಟ್ಟರೂ ಲೀಗ್‌ನಲ್ಲಿ ಅವರೇ ಮೊದಲಿಗರು.

ಬಗ್ಗಲಾಗದ ಬೆನ್ನು

1989-90ರಲ್ಲಿ ಲೆಮ್ಯೂ ಸತತ 46 ಪಂದ್ಯಗಳಲ್ಲಿ ಕನಿಷ್ಠ ಒಂದು ಪಾಯಿಂಟ್ ಗಳಿಸಿದರು. ಗ್ರೆಟ್ಸ್ಕಿಯ ದಾಖಲೆ 51. ಅಷ್ಟರಲ್ಲಿ ಬೆನ್ನು ಕೈಕೊಟ್ಟಿತು. ಬೆನ್ನುಮೂಳೆಯ ಡಿಸ್ಕ್ ಜಾರಿತ್ತು. ನೋವು ತಡೆಯಲಾಗದೆ ಪಂದ್ಯದ ನಡುವೆಯೇ ಹೊರನಡೆದರು, ಸರಣಿ ಮುರಿಯಿತು.

1990ರ ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದರ ಬೆನ್ನಲ್ಲೇ ಬೆನ್ನುಮೂಳೆಗೆ ಸೋಂಕು ತಗುಲಿತು. ಮುಂದಿನ ಋತುವಿನ ಮೊದಲ 50 ಪಂದ್ಯಗಳು ಹೋದವು. ವೃತ್ತಿಜೀವನವೇ ಮುಗಿಯಿತೇನೋ ಎಂಬ ಮಾತು ಕೇಳಿಬಂತು. ಬಗ್ಗಿ ಸ್ಕೇಟ್‌ನ ದಾರ ಕಟ್ಟಿಕೊಳ್ಳಲೂ ಆಗದೆ, ಸಿಬ್ಬಂದಿ ಬಂದು ಕಟ್ಟಬೇಕಾದ ದಿನಗಳಿದ್ದವು.

1991ರ ಜನವರಿಯಲ್ಲಿ ಮರಳಿದರು. ಮೇ ತಿಂಗಳಿಗೆ ಪೆಂಗ್ವಿನ್ಸ್ ಮೊದಲ ಬಾರಿಗೆ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿತ್ತು, ಎದುರಾಳಿ ಮಿನ್ನೆಸೋಟ ನಾರ್ತ್ ಸ್ಟಾರ್ಸ್. ಮೂರನೇ ಪಂದ್ಯದ ದಿನ ಬೆನ್ನು ಮತ್ತೆ ಹಿಡಿದು ಲೆಮ್ಯೂ ಆಡಲೇ ಇಲ್ಲ, ತಂಡ ಸೋತಿತು. ಆರನೇ ಪಂದ್ಯವನ್ನು 8-0ರಿಂದ ಗೆದ್ದು ಕಪ್ ಎತ್ತಿತು. ಆ ಪ್ಲೇಆಫ್‌ನಲ್ಲಿ 23 ಪಂದ್ಯಗಳಿಂದ ಲೆಮ್ಯೂ ಗಳಿಸಿದ್ದು 44 ಪಾಯಿಂಟ್. ಕಾನ್ ಸ್ಮೈತ್ ಟ್ರೋಫಿ ಅವರಿಗೇ ಸಂದಿತು.

ಆ ಗೆಲುವಿನ ಕೋಚ್ ಬಾಬ್ ಜಾನ್ಸನ್ ಅದೇ ವರ್ಷ ನವೆಂಬರ್‌ನಲ್ಲಿ ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಸ್ಕಾಟಿ ಬೌಮನ್ ಮಾರ್ಗದರ್ಶನದಲ್ಲಿ ತಂಡ 1992ರಲ್ಲೂ ಕಪ್ ಉಳಿಸಿಕೊಂಡಿತು. ನ್ಯೂಯಾರ್ಕ್ ರೇಂಜರ್ಸ್ ವಿರುದ್ಧದ ಸುತ್ತಿನಲ್ಲಿ ಎದುರಾಳಿಯ ಕೋಲಿನ ಪೆಟ್ಟಿಗೆ ಲೆಮ್ಯೂ ಕೈಮೂಳೆ ಮುರಿದಿತ್ತು. ಕೆಲವು ಪಂದ್ಯ ಬಿಟ್ಟು ಮರಳಿದ ಅವರು 15 ಪಂದ್ಯಗಳಿಂದ 34 ಪಾಯಿಂಟ್ ಗಳಿಸಿ ಸತತ ಎರಡನೇ ಬಾರಿ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಎನಿಸಿದರು.

1993: ಬೆಳಗ್ಗೆ ವಿಕಿರಣ ಚಿಕಿತ್ಸೆ, ರಾತ್ರಿ ಪಂದ್ಯ

1992-93ರಲ್ಲಿ ಲೆಮ್ಯೂ ತಮ್ಮ ಜೀವನದ ಅತ್ಯುತ್ತಮ ಲಯದಲ್ಲಿದ್ದರು. 40 ಪಂದ್ಯಗಳಿಂದ 104 ಪಾಯಿಂಟ್. ಕುತ್ತಿಗೆಯಲ್ಲಿದ್ದ ಸಣ್ಣ ಗಂಟೊಂದನ್ನು ತೆಗೆದು ಪರೀಕ್ಷಿಸಿದಾಗ ಹಾಡ್ಕಿನ್ಸ್ ಲಿಂಫೋಮಾ ಎಂದು ಗೊತ್ತಾಯಿತು. ದುಗ್ಧ ಗ್ರಂಥಿಗಳಿಗೆ ಬರುವ ಕ್ಯಾನ್ಸರ್ ಇದು. 1993ರ ಜನವರಿಯಲ್ಲಿ ವಿಷಯ ಬಹಿರಂಗವಾಯಿತು. ಅವರಿಗೆ ಆಗ 27 ವರ್ಷ.

ಸಮಾಧಾನದ ಸಂಗತಿಯೆಂದರೆ ಕಾಯಿಲೆ ಆರಂಭದ ಹಂತದಲ್ಲೇ ಪತ್ತೆಯಾಗಿತ್ತು. ಈ ಹಂತದಲ್ಲಿ ಗುಣವಾಗುವ ಸಾಧ್ಯತೆ ಹೆಚ್ಚು. ವೈದ್ಯರು ವಿಕಿರಣ ಚಿಕಿತ್ಸೆ ಆರಂಭಿಸಿದರು. ಸುಮಾರು ಎರಡು ತಿಂಗಳು ಅವರು ಆಟದಿಂದ ದೂರವಿದ್ದರು. ಆ ವೇಳೆಗೆ ಬಫಲೋ ತಂಡದ ಪ್ಯಾಟ್ ಲಾಫಾಂಟೇನ್ ಪಾಯಿಂಟ್ ಪಟ್ಟಿಯಲ್ಲಿ ಅವರನ್ನು ಹಿಂದಿಕ್ಕಿ 12 ಪಾಯಿಂಟ್ ಮುಂದೆ ಸಾಗಿದ್ದರು.

ಕೊನೆಯ ವಿಕಿರಣ ಚಿಕಿತ್ಸೆ ನಡೆದದ್ದು 2 ಮಾರ್ಚ್ 1993ರ ಬೆಳಗ್ಗೆ. ಅದೇ ದಿನ ಲೆಮ್ಯೂ ವಿಮಾನ ಹತ್ತಿ ಫಿಲಡೆಲ್ಫಿಯಾಕ್ಕೆ ಹೋಗಿ, ರಾತ್ರಿ ಪಂದ್ಯ ಆಡಿದರು. ಒಂದು ಗೋಲ್, ಒಂದು ಅಸಿಸ್ಟ್. ಪೆಂಗ್ವಿನ್ಸ್ 5-4ರಿಂದ ಸೋತಿತು. ಆದರೆ ಆ ರಾತ್ರಿಯ ಸುದ್ದಿ ಸೋಲಲ್ಲ. ಎದುರಾಳಿಗಳನ್ನು ಕೂಗಿ ಹಂಗಿಸುವುದಕ್ಕೆ ಹೆಸರಾದ ಫಿಲಡೆಲ್ಫಿಯಾದ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿ ಅವರನ್ನು ಸ್ವಾಗತಿಸಿದರು.

ಮುಂದಿನದು ಅಂಕಿಗಳೇ ಹೇಳುತ್ತವೆ. ಮರಳಿದ ಬಳಿಕ 20 ಪಂದ್ಯ, 30 ಗೋಲ್, 26 ಅಸಿಸ್ಟ್. 12 ಪಾಯಿಂಟ್ ಹಿಂದಿದ್ದವರು ಋತು ಮುಗಿಯುವ ಹೊತ್ತಿಗೆ 12 ಪಾಯಿಂಟ್ ಮುಂದಿದ್ದರು. ಲೆಮ್ಯೂ 160, ಲಾಫಾಂಟೇನ್ 148. ತಂಡ ಸತತ 17 ಪಂದ್ಯ ಗೆದ್ದು ಎನ್‌ಎಚ್‌ಎಲ್ ದಾಖಲೆ ಬರೆಯಿತು. ಆದರೆ ಪ್ಲೇಆಫ್‌ನ ಎರಡನೇ ಸುತ್ತಿನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಸೋತು ಹೊರಬಿತ್ತು. ಸತತ ಮೂರನೇ ಕಪ್‌ನ ಕನಸು ಕೈಗೂಡಲಿಲ್ಲ.

ನಮ್ಮ ಓದುಗರಿಗೆ ಇಲ್ಲಿ ಯುವರಾಜ್ ಸಿಂಗ್ ನೆನಪಾಗುವುದು ಸಹಜ. 2011ರ ವಿಶ್ವಕಪ್ ಗೆಲ್ಲಿಸಿದ ಯುವರಾಜ್ ಅಮೆರಿಕದಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದು, 2012ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಮತ್ತೆ ಬ್ಯಾಟ್ ಹಿಡಿದು ಇಳಿದಾಗ ಕ್ರೀಡಾಂಗಣ ಎದ್ದು ನಿಂತಿತ್ತು. ಇಬ್ಬರ ಕಾಯಿಲೆಯೂ ಚಿಕಿತ್ಸೆಯೂ ಬೇರೆ. ಸಮಾನವಾದದ್ದು ಒಂದು: ಇಬ್ಬರೂ ಬಳಿಕ ಕ್ಯಾನ್ಸರ್ ರೋಗಿಗಳಿಗಾಗಿ ಪ್ರತಿಷ್ಠಾನ ಕಟ್ಟಿದರು. 1993ರಲ್ಲಿ ಶುರುವಾದ ಮಾರಿಯೋ ಲೆಮ್ಯೂ ಪ್ರತಿಷ್ಠಾನ ಕ್ಯಾನ್ಸರ್ ಮತ್ತು ನವಜಾತ ಶಿಶುಗಳ ಆರೋಗ್ಯ ಸಂಶೋಧನೆಗೆ ನೆರವಾಗುತ್ತಿದೆ. ಆಸ್ಪತ್ರೆಗಳಲ್ಲಿ ಮಕ್ಕಳಿಗಾಗಿ ಆಟದ ಕೋಣೆಗಳನ್ನೂ ಮಾಡಿಸಿಕೊಡುತ್ತಿದೆ. ಪಿಟ್ಸ್‌ಬರ್ಗ್‌ನ ರಕ್ತ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವೊಂದಕ್ಕೆ ಅವರ ಹೆಸರಿದೆ.

ಮೊದಲ ವಿದಾಯ

ಮರಳಿ ಬಂದದ್ದು ನಿಜ, ಆದರೆ ಅದಕ್ಕೆ ದೇಹ ಬೆಲೆ ತೆತ್ತಿತು. 1993ರಲ್ಲಿ ಬೆನ್ನಿಗೆ ಮತ್ತೊಂದು ಶಸ್ತ್ರಚಿಕಿತ್ಸೆಯಾಗಿ, ಆ ಋತುವಿನಲ್ಲಿ 22 ಪಂದ್ಯ ಮಾತ್ರ ಆಡಿದರು. ಚಿಕಿತ್ಸೆಯ ನಂತರದ ಆಯಾಸ ಬಿಡದೆ 1994-95ರ ಇಡೀ ಋತು ಮನೆಯಲ್ಲೇ ಉಳಿದರು. 1995-96ರಲ್ಲಿ ಮರಳಿ 161 ಪಾಯಿಂಟ್, ಮೂರನೇ ಹಾರ್ಟ್ ಟ್ರೋಫಿ. ಮರುವರ್ಷ ಆರನೇ ಆರ್ಟ್ ರಾಸ್ ಟ್ರೋಫಿ. ಅಲ್ಲಿಗೆ, 1997ರಲ್ಲಿ, 31ನೇ ವಯಸ್ಸಿಗೆ ನಿವೃತ್ತಿ.

ಕಾರಣ ಆರೋಗ್ಯ ಮಾತ್ರವಲ್ಲ. ಚುರುಕಿನ ಆಟಗಾರರನ್ನು ಹಿಡಿದು, ಎಳೆದು, ಕೋಲಿಗೆ ಸಿಕ್ಕಿಸಿ ತಡೆಯುವುದನ್ನು ರೆಫರಿಗಳು ಕಂಡೂ ಕಾಣದಂತೆ ಬಿಡುತ್ತಾರೆ ಎಂದು ಲೆಮ್ಯೂ ವರ್ಷಗಳಿಂದ ಬಹಿರಂಗವಾಗಿ ಟೀಕಿಸುತ್ತಿದ್ದರು, ಅದಕ್ಕೆ ದಂಡವನ್ನೂ ಕಟ್ಟಿದ್ದರು. ಅವರು ಹೇಳುತ್ತಿದ್ದ ದಿಕ್ಕಿನಲ್ಲೇ ಲೀಗ್ ಈ ನಿಯಮಗಳನ್ನು ಬಿಗಿಗೊಳಿಸಿದ್ದು 2005ರಲ್ಲಿ.

13 ಋತುಗಳಲ್ಲಿ ತಂಡ ಆಡಿದ್ದು 1,020 ಲೀಗ್ ಪಂದ್ಯ. ಲೆಮ್ಯೂ ಆಡಿದ್ದು 745. ಗಳಿಸಿದ್ದು 1,494 ಪಾಯಿಂಟ್, ಅಂದರೆ ಪಂದ್ಯಕ್ಕೆ ಎರಡಕ್ಕಿಂತ ತುಸು ಹೆಚ್ಚು. ನಿವೃತ್ತರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಲು ಮೂರು ವರ್ಷ ಕಾಯಬೇಕೆಂಬ ನಿಯಮವಿತ್ತು. ಲೆಮ್ಯೂಗಾಗಿ ಅದನ್ನು ಸಡಿಲಿಸಿ ಅದೇ ವರ್ಷ ಸೇರಿಸಿಕೊಳ್ಳಲಾಯಿತು.

ಬಾಕಿ ಸಂಬಳಕ್ಕೆ ಬದಲಾಗಿ ತಂಡ

ಕಥೆ ಇಲ್ಲಿಗೆ ಮುಗಿದಿದ್ದರೂ ಅದು ದೊಡ್ಡ ವೃತ್ತಿಜೀವನವೇ. ಆದರೆ 1998ರಲ್ಲಿ ಪೆಂಗ್ವಿನ್ಸ್ ಮತ್ತೆ ದಿವಾಳಿ ಅರ್ಜಿ ಹಾಕಿತು. ಸಾಲ 9 ಕೋಟಿ ಡಾಲರ್‌ಗೂ ಹೆಚ್ಚು. ಬಾಕಿದಾರರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ಹೆಸರು ಮಾರಿಯೋ ಲೆಮ್ಯೂ. ಆಡುತ್ತಿದ್ದಾಗ ಸಂಬಳದ ದೊಡ್ಡ ಭಾಗವನ್ನು ತಂಡ ಮುಂದಕ್ಕೆ ಹಾಕಿತ್ತು. ಹಾಗೆ ಬರಬೇಕಿದ್ದ ಹಣ 3.25 ಕೋಟಿ ಡಾಲರ್.

ದಿವಾಳಿಯಾದ ಸಂಸ್ಥೆಯಿಂದ ಬಾಕಿ ವಸೂಲಿ ಎಷ್ಟು ಕಷ್ಟ ಎಂಬುದು ಗೊತ್ತಿರುವುದೇ. ರೂಪಾಯಿಗೆ ಕೆಲವು ಪೈಸೆ ಸಿಕ್ಕರೆ ಅದೇ ಹೆಚ್ಚು. ತಂಡ ಬೇರೆ ಊರಿಗೆ ಮಾರಾಟವಾಗುವ ಅಥವಾ ಮುಚ್ಚಿಯೇ ಹೋಗುವ ಭಯವೂ ಇತ್ತು. ಲೆಮ್ಯೂ ಬೇರೆ ದಾರಿ ಹಿಡಿದರು. ಬಾಕಿಯ ಬಹುಪಾಲನ್ನು ತಂಡದಲ್ಲಿನ ಪಾಲು ಬಂಡವಾಳವಾಗಿ ಬದಲಿಸಿಕೊಂಡು, ಇತರ ಹೂಡಿಕೆದಾರರನ್ನು ಕೂಡಿಸಿ, ನ್ಯಾಯಾಲಯದ ಮುಂದೆ ಯೋಜನೆ ಇಟ್ಟರು. 1999ರಲ್ಲಿ ಒಪ್ಪಿಗೆ ಸಿಕ್ಕಿತು. ಸಂಬಳ ಕೊಡಬೇಕಿದ್ದ ತಂಡಕ್ಕೆ ಸಂಬಳ ಪಡೆಯಬೇಕಿದ್ದವನೇ ಮಾಲೀಕನಾದ.

ಇದು ಬರೀ ಭಾವನೆಯ ನಿರ್ಧಾರವಲ್ಲ, ವ್ಯವಹಾರವೂ ಹೌದು. ತಂಡ ಉಳಿದರೆ ಮಾತ್ರ ಅವರ ಹಣವೂ ಉಳಿಯುತ್ತಿತ್ತು. ಆದರೆ ತಂಡ ಮುಳುಗಿದ್ದರೆ ಅದರೊಂದಿಗೆ ಅವರ ಗಳಿಕೆಯೂ ಮುಳುಗುತ್ತಿತ್ತು ಎಂಬುದೂ ಅಷ್ಟೇ ನಿಜ.

ಛಾವಣಿಯಿಂದ ಇಳಿದ 66

27 ಡಿಸೆಂಬರ್ 2000. ನಿವೃತ್ತಿಯ ಗೌರವವಾಗಿ ಕ್ರೀಡಾಂಗಣದ ಛಾವಣಿಗೆ ಏರಿಸಿದ್ದ 66ರ ಬ್ಯಾನರನ್ನು ಆ ರಾತ್ರಿ ಕೆಳಗಿಳಿಸಲಾಯಿತು. ಮೂರೂವರೆ ವರ್ಷದ ಬಳಿಕ, 35ನೇ ವಯಸ್ಸಿನಲ್ಲಿ, ಮಾಲೀಕ ಲೆಮ್ಯೂ ತಮ್ಮದೇ ತಂಡಕ್ಕೆ ಆಡಲು ಇಳಿದರು. ಟೊರಾಂಟೊ ವಿರುದ್ಧ ಪಂದ್ಯ ಆರಂಭವಾಗಿ 33 ಸೆಕೆಂಡ್‌ಗೆ ಯಾರೊಮೀರ್ ಯಾಗರ್ ಹೊಡೆದ ಗೋಲ್‌ನಲ್ಲಿ ಅವರ ಅಸಿಸ್ಟ್ ಇತ್ತು. ಬಳಿಕ ತಾವೂ ಒಂದು ಗೋಲ್ ಹೊಡೆದರು. ಪೆಂಗ್ವಿನ್ಸ್‌ಗೆ 5-0 ಗೆಲುವು. ಆ ಋತುವಿನಲ್ಲಿ 43 ಪಂದ್ಯಗಳಿಂದ 76 ಪಾಯಿಂಟ್.

2002ರಲ್ಲಿ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ಗೆ ಕೆನಡಾ ತಂಡದ ನಾಯಕರಾದರು. ಐಸ್ ಹಾಕಿಯೇ ಉಸಿರಾದ ಆ ದೇಶ ಪುರುಷರ ಚಿನ್ನ ಗೆದ್ದು ಸರಿಯಾಗಿ 50 ವರ್ಷವಾಗಿತ್ತು. ಫೈನಲ್‌ನಲ್ಲಿ ಅಮೆರಿಕ ಎದುರಾಳಿ. ಕೆನಡಾದ ಮೊದಲ ಗೋಲ್‌ಗೆ ಮುನ್ನ ಪಕ್ ತಮ್ಮತ್ತ ಬಂದಾಗ ಹೊಡೆಯುವಂತೆ ನಟಿಸಿದ ಲೆಮ್ಯೂ ಅದನ್ನು ಮುಟ್ಟದೆ ಕಾಲುಗಳ ನಡುವೆ ಹರಿಯಲು ಬಿಟ್ಟರು. ಗೋಲ್‌ಕೀಪರ್ ಅವರತ್ತ ವಾಲಿದ್ದ, ಹಿಂದೆ ಕಾದಿದ್ದ ಪಾಲ್ ಕರಿಯಾ ಬಲೆಗೆ ಸೇರಿಸಿದರು. ಮುಟ್ಟದೇ ಗೋಲ್ ಮಾಡಿಸಿದ ಆಟ ಅದು. ಕೆನಡಾ 5-2ರಿಂದ ಗೆದ್ದಿತು.

ಸೊಂಟದ ಗಾಯದಿಂದ 2003-04ರಲ್ಲಿ 10 ಪಂದ್ಯವಷ್ಟೇ ಸಾಧ್ಯವಾಯಿತು. 2005ರಲ್ಲಿ ಪೆಂಗ್ವಿನ್ಸ್‌ಗೆ ಮತ್ತೆ ಡ್ರಾಫ್ಟ್‌ನ ಮೊದಲ ಆಯ್ಕೆ ಸಿಕ್ಕಿತು. ಬಂದ ಹುಡುಗ 18 ವರ್ಷದ ಸಿಡ್ನಿ ಕ್ರಾಸ್ಬಿ. ಒಂದು ಕಾಲದಲ್ಲಿ ತಾನು ಬೇರೆಯವರ ಮನೆಯಲ್ಲಿ ಆಶ್ರಯ ಪಡೆದಿದ್ದ ಲೆಮ್ಯೂ, ಕ್ರಾಸ್ಬಿಯನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಇಬ್ಬರೂ ಕೆಲಕಾಲ ಒಟ್ಟಿಗೆ ಆಡಿದರು. ಡಿಸೆಂಬರ್‌ನಲ್ಲಿ ಲೆಮ್ಯೂಗೆ ಹೃದಯ ಬಡಿತದ ಏರುಪೇರು ಕಾಣಿಸಿಕೊಂಡಿತು. 24 ಜನವರಿ 2006ರಂದು, 40ನೇ ವಯಸ್ಸಿಗೆ, ಎರಡನೇ ಮತ್ತು ಕೊನೆಯ ಬಾರಿ ನಿವೃತ್ತರಾದರು.

ಊರಿನಲ್ಲೇ ಉಳಿದ ತಂಡ

ಮಾಲೀಕನ ಕೆಲಸ ಮಾತ್ರ ಮುಗಿದಿರಲಿಲ್ಲ. ಹಳೆಯ ಕ್ರೀಡಾಂಗಣದಲ್ಲಿ ಆದಾಯವಿಲ್ಲ, ಹೊಸದು ಬೇಕೆಂಬ ಬೇಡಿಕೆ ವರ್ಷಗಟ್ಟಲೆ ಎಳೆಯಿತು. ತಂಡ ಕಾನ್ಸಾಸ್ ಸಿಟಿಗೆ ಹೋಗಬಹುದು ಎಂಬ ಸುದ್ದಿ ಪಿಟ್ಸ್‌ಬರ್ಗ್‌ನ ಅಭಿಮಾನಿಗಳನ್ನು ಕಂಗೆಡಿಸಿತ್ತು. ತಂಡ ಉಳಿಸಿದವರೇ ಊರು ಬಿಡುವ ಮಾತಾಡುತ್ತಾರೆಯೇ ಎಂಬ ಅಸಮಾಧಾನವೂ ಇತ್ತು. 2007ರ ಮಾರ್ಚ್‌ನಲ್ಲಿ ಒಪ್ಪಂದವಾಗಿ, 2010ರಲ್ಲಿ ಹೊಸ ಕ್ರೀಡಾಂಗಣ ತೆರೆಯಿತು. ಅದರ ಹೊರಗೆ, ಇಬ್ಬರು ರಕ್ಷಣಾ ಆಟಗಾರರ ನಡುವೆ ನುಗ್ಗುತ್ತಿರುವ ಲೆಮ್ಯೂ ಕಂಚಿನ ಪ್ರತಿಮೆಯಿದೆ.

ಕ್ರಾಸ್ಬಿ ನಾಯಕತ್ವದಲ್ಲಿ ಪೆಂಗ್ವಿನ್ಸ್ 2009, 2016 ಮತ್ತು 2017ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ತಂಡ ಗೆದ್ದ ಐದೂ ಕಪ್‌ಗಳ ಮೇಲೆ ಲೆಮ್ಯೂ ಹೆಸರು ಕೆತ್ತಲಾಗಿದೆ. 2021ರಲ್ಲಿ ಲೆಮ್ಯೂ ಮತ್ತು ಪಾಲುದಾರ ರಾನ್ ಬರ್ಕಲ್ ಬಹುಪಾಲು ಷೇರುಗಳನ್ನು ಫೆನ್‌ವೇ ಸ್ಪೋರ್ಟ್ಸ್ ಗ್ರೂಪ್‌ಗೆ ಮಾರಿದರು. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್‌ನ ಮಾಲೀಕ ಸಂಸ್ಥೆಯೂ ಇದೇ.

ಶ್ರೇಷ್ಠ ಯಾರು?

ಗ್ರೆಟ್ಸ್ಕಿ 1,487 ಪಂದ್ಯಗಳಲ್ಲಿ ಗಳಿಸಿದ್ದು 2,857 ಪಾಯಿಂಟ್, ಪಂದ್ಯಕ್ಕೆ 1.92. ಲೆಮ್ಯೂ 915 ಪಂದ್ಯಗಳಲ್ಲಿ 1,723, ಪಂದ್ಯಕ್ಕೆ 1.88. ಆರೋಗ್ಯ ಕೈಕೊಡದಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕ ಅಭಿಮಾನಿಗಳಿಗೆ ಇಷ್ಟ. ಆದರೆ ಸತತವಾಗಿ ಮೈದಾನದಲ್ಲಿರುವುದೂ ಒಂದು ಶ್ರೇಷ್ಠತೆಯೇ, ಅದರಲ್ಲಿ ಗ್ರೆಟ್ಸ್ಕಿಗೆ ಸಾಟಿಯಿಲ್ಲ. ಲೆಮ್ಯೂ ಅವರನ್ನು ಅಳೆಯಬೇಕಾದ ಮಾಪನ ಬೇರೆ. 1984ರಲ್ಲಿ 7 ಸಾವಿರ ಜನರೂ ಬಾರದಿದ್ದ, ಎರಡು ಬಾರಿ ದಿವಾಳಿಯಾದ ತಂಡವೊಂದು ಇಂದಿಗೂ ಪಿಟ್ಸ್‌ಬರ್ಗ್‌ನಲ್ಲೇ ಆಡುತ್ತಿದೆ. ಅದರ ಹಿಂದೆ ಎಲ್ಲರಿಗಿಂತ ಹೆಚ್ಚಾಗಿ ನಿಂತ ಒಬ್ಬ ಆಟಗಾರನ ಹೆಸರು ಹೇಳಿ ಎಂದರೆ, ಆ ಊರಿನಲ್ಲಿ ಎರಡನೇ ಉತ್ತರ ಸಿಗಲಾರದು.